ಜೇನು ಕೊಟ್ಟು ಬಂದರು, ಮೋರಿ ಕೇಳಲಿಲ್ಲ

ಕೋಟೆ ತಾಲ್ಲೂಕಿನ ಕಾಡಂಚಿನ ಆದಿವಾಸಿ ಹಾಡಿಯೊಂದರಲ್ಲಿ ನಾನು ಆಶಾ ಕಾರ್ಯಕರ್ತೆ. ಹೆಸರು ಸುಮಿತ್ರಾ. ಹಾಡಿಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ನಾಲ್ಕು ಕೊಳವೆ ಇಟ್ಟು ಮೋರಿ ಕಟ್ಟಿದರೆ ಮುಗಿಯಿತು. ಯಾರೂ ಕಟ್ಟಿರಲಿಲ್ಲ. ಮಳೆ ಬಂದರೆ ಆಂಬುಲೆನ್ಸ್ ಆಚೆ ದಡದಲ್ಲೇ ನಿಲ್ಲುತ್ತಿತ್ತು. ಹೋದ ವರ್ಷ ಹಾಡಿಯ ಚೆನ್ನಿಯ ಹಿರಿಮಗಳನ್ನು ಹೆರಿಗೆಗೆಂದು ಕಂಬಳಿಯಲ್ಲಿ ಹೊತ್ತು ದಾಟಿಸುವಷ್ಟರಲ್ಲಿ ಮಗು ಹೋಯಿತು. ಈ ಬೇಸಿಗೆಯಲ್ಲಿ ಕಿರಿಮಗಳು ಚಂದ್ರಿಕಾ ಆರು ತಿಂಗಳ ಬಸುರಿ. ದಿನ ತುಂಬುವುದು ಮಳೆಗಾಲಕ್ಕೇ.

ಏಪ್ರಿಲ್‌ನಲ್ಲಿ ಅವಳ ತಪಾಸಣೆಗೆಂದು ಹೋದೆ. ಚೆನ್ನಿ ತನ್ನ ಗಂಡ ಮಾದನ ಮೇಲೆ ಕೂಗಾಡುತ್ತಿದ್ದಳು.

“ಎಮ್ಮೆಲ್ಲೆ ತಾವ್ಕೆ ಎರಡು ಸಲ ಓಗಿದ್ರಲ್ಲ, ಏನ್ ಕಿಸಿದ್ರಿ?”

“ಅಲ್ಲಿ ಏನ್ ಮಾಡುದ್ರಿ ಮಾದಣ್ಣ?” ನಾನು ಕೇಳಿದೆ.

“ಆರ ಆಕುದ್ವಿ. ಜೇನು ಕೊಟ್ವಿ. ಪಟ ತೆಗುಸ್ಕಂಡ್ವಿ.”

“ಮೋರಿ ಕೇಳುದ್ರಾ?”

ಮಾದ ನೆಲ ನೋಡಿದ. “ಜೇನು ಕೊಟ್ಟು ಅದೇ ಬಾಯಲ್ಲಿ ಕೆಲ್ಸ ಕೇಳಾಕೆ ನಾಚ್ಕೆ ಆಯ್ತು ಕಣವ್ವ. ಅವ್ರಿಗೇ ಗೊತ್ತಿರ್ತದೆ ಅಂದ್ಕಂಡ್ವಿ.”

ನನಗೆ ಮೈಯೆಲ್ಲ ಉರಿಯಿತು. ಓಟು ಕೇಳಲು ಬಂದಾಗ ಆ ಸಾಹೇಬರೂ ಪಂಚೆ ಎತ್ತಿಕೊಂಡು ಇದೇ ಹಳ್ಳ ದಾಟಿದ್ದರು. ಜೇನು ನೆಕ್ಕುವಾಗ ಅದು ನೆನಪಾಗಲಿಲ್ಲವೇ?

“ನಮ್ ಆಡಿ ಜನದ ಮಾತು ಯಾರ್ ಕೇಳ್ತಾರೆ, ಬುಡು,” ಎಂದಳು ಚೆನ್ನಿ.

“ಬಾಯ್ ಮಾತು ಗಾಳಿಗೋಯ್ತದೆ ಚೆನ್ನಕ್ಕ. ಗ್ರಾಮಸಭೇಲಿ ಠರಾವು ಮಾಡ್ಸಾಣ. ಮನವಿ ಎರಡು ಪ್ರತಿ ಬರ್ಸಾಣ. ಒಂದು ಅವ್ರಿಗೆ, ಇನ್ನೊಂದು ಸೀಲು ಆಕುಸ್ಕಂಡು ನಮ್ಗೆ. ಮಾತಾಡೋಳು ನೀನು.”

“ನಂಗೆ ಓದು ಬರಾಕಿಲ್ಲ.”

“ಓದು ಯಾಕೆ? ಆಗಿದ್ದು ಯೋಳು.”

ಠರಾವು ಆಯಿತು. ಸೋಮವಾರ ನಾಲ್ವರು ಶಾಸಕರ ಕಚೇರಿಗೆ ಹೋದೆವು. ನಮ್ಮನ್ನು ಕಂಡದ್ದೇ ಸಾಹೇಬರು ಫೋಟೊಕ್ಕೆ ಎದ್ದು ನಿಂತರು.

“ಪಟ ಬ್ಯಾಡ ಸಾಮಿ, ಕುಂತ್ಕಳಿ,” ಎಂದಳು ಚೆನ್ನಿ. “ನನ್ ಮೊಮ್ಮಗ ಆ ದಡದಲ್ಲಿ ಸತ್ತೋದ. ಇನ್ನೊಂದು ಸಾಯೋಗಂಟ ಕಾಯಾಕಾಗಲ್ಲ. ಮಳೆಗೆ ಮುಂಚೆ ಮೋರಿ ಆಯ್ತದಾ, ಇಲ್ವಾ?”

“ನೋಡೋಣಮ್ಮ, ಮಾಡಿಸೋಣ.”

“ಮೂಗಿಗೆ ತುಪ್ಪ ಸವರಿದ್ದು ಸಾಕು. ತಾರೀಕು ಯೋಳಿ.”

ಅಲ್ಲೇ ಎಂಜಿನಿಯರಿಗೆ ಫೋನು ಹೋಯಿತು. ಬುಧವಾರ ಅಳತೆ ಎಂದು ನಮ್ಮ ಪ್ರತಿಯ ಮೇಲೆ ಬರೆದು ಸೀಲು ಹಾಕಿದರು.

“ಕೇಳುದ್ರೆ ಆಯ್ತದೆ ಕಣಮ್ಮಿ,” ಎಂದ ಮಾದ, ಬಸ್ಸಿನಲ್ಲಿ.

“ಇನ್ನೂ ಎಲ್ಲಿ ಆಗ್ಯದೆ? ಬುದವಾರ ಬರ್ನಿಲ್ಲ ಅಂದ್ರೆ ಗುರುವಾರ ಇಡೀ ಆಡೀನ ಕರ್ಕಂಡ್ ಬತ್ತೀನಿ,” ಎಂದಳು ಚೆನ್ನಿ.

ಎಂಜಿನಿಯರ್ ಬಂದರು. ಮೇ ಕೊನೆಗೆ ಕೊಳವೆ ಕೂತವು. ಆಷಾಢದ ಮಳೆಯಲ್ಲಿ ಆಂಬುಲೆನ್ಸ್ ಚಂದ್ರಿಕಾಳ ಬಾಗಿಲಿಗೇ ಬಂತು. ತಾಯಿ, ಮಗು ಚೆನ್ನಾಗಿದ್ದಾರೆ.

ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಈ ಕೊಳವೆ ಹೋದ ವರ್ಷವೇ ಕೂರಬಹುದಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ತೊಂದರೆ ಏನೆಂದು ನಿಮಗೆ ಗೊತ್ತು. ಶಾಸಕರು ನಿಮ್ಮ ಓಟಿನಿಂದ ಆ ಕುರ್ಚಿಯಲ್ಲಿ ಕೂತವರು. ಅವರ ಮುಂದೆ ಕೈಕಟ್ಟಿ ನಿಲ್ಲಬೇಡಿ. ಗುಂಪಾಗಿ ಹೋಗಿ. ಬರೆದು ಕೊಡಿ, ಸೀಲು ಹಾಕಿಸಿ, ತಾರೀಕು ಕೇಳಿ. ನಿಮ್ಮ ಮನೆಯಲ್ಲಿ ಒಂದು ಜೀವ ಹೋಗುವ ಮೊದಲೇ ಕೇಳಿ.