ನಲವತ್ತೊಂದನೇ ಟವರಿನ ನಂಬರು

ಕರೆಂಟ್ ಸ್ಟೇಷನ್ನಿನ ಯಾರ್ಡಿನಲ್ಲಿ ಢಂ ಎಂದು ಸದ್ದಾದಾಗ ಪ್ರಣಿತಾ ರೊಟ್ಟಿಯ ಎರಡನೇ ತುತ್ತನ್ನು ಮುರಿಯುತ್ತಿದ್ದಳು. ಕಿಟಕಿಯ ಗಾಜು ಗಡಗಡ ಅಂದಿತು. ಅದರ ಬೆನ್ನಿಗೇ ಕಂಟ್ರೋಲ್ ಪ್ಯಾನೆಲಿನ ಹೂಟರ್ ಬಾಯಿಬಡಿದುಕೊಳ್ಳತೊಡಗಿತು. ಮೂರು ವಾರದಿಂದ ಯಾವ ಗಳಿಗೆ ಬರಬಾರದೆಂದು ಸಿಕ್ಕಸಿಕ್ಕ ದೇವರಿಗೆಲ್ಲ ಕೈಮುಗಿದಿದ್ದಳೋ ಆ ಗಳಿಗೆ, ಅವಳೊಬ್ಬಳೇ ಇರುವಾಗಲೇ ನೋಡಿಕೊಂಡು ಬಂದಿತ್ತು.

ಒಬ್ಬಳೇ ಎಂದರೆ, ಬಾಗಿಲ ಹತ್ತಿರ ಕಸ ಗುಡಿಸುವ ಕೃಷ್ಣವ್ವ ಇದ್ದಳು. ಕುರ್ಚಿಯಲ್ಲಿ ಕೂರಬೇಕಾಗಿದ್ದ ಶಟ್ಟೆಪ್ಪ ಇರಲಿಲ್ಲ. ಮೂವತ್ತೆರಡು ವರ್ಷ ಇದೇ ಆಪರೇಟರ್ ಕೆಲಸ ಮಾಡಿದ ಮನುಷ್ಯ. ಲಕ್ಷ ವೋಲ್ಟಿಗೆ ಹೆದರದವನು ಒಂದು ದವಡೆಹಲ್ಲಿಗೆ ಸೋತು, ಕೀಳಿಸಿಕೊಂಡೇ ಬರುತ್ತೇನೆಂದು ಸವದತ್ತಿ ಪೇಟೆಗೆ ಹೋಗಿದ್ದ. “ಒಂದು ತಾಸಿನ ಮಾತವಾ. ಅಷ್ಟರಾಗ ಏನಾಗತೈತಿ? ಆಕಾಶ ಕಡಕೊಂಡು ಬೀಳತೈತೇನು?” ಎಂದು ಬಾತ ಕೆನ್ನೆಯಲ್ಲೇ ನಕ್ಕಿದ್ದ. ಆಕಾಶ ಬಿದ್ದಿರಲಿಲ್ಲ. ಬೈಲಹೊಂಗಲದ ಕಡೆ ಹೋಗುವ ದೊಡ್ಡ ಲೈನು ಟ್ರಿಪ್ ಆಗಿ ಕರೆಂಟು ಹೋಗಿತ್ತು.

ಕೈ ತೊಳೆಯಲೂ ಪುರಸೊತ್ತಿಲ್ಲದೆ ಪ್ರಣಿತಾ ಓಢಣಿಗೇ ಒರೆಸಿಕೊಂಡು ಓಡಿದಳು. ಹೂಟರ್ ಆರಿಸಿದಳು. ರಿಲೇ ಎಂಬ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಮೂಡಿದ್ದನ್ನು, ಶಟ್ಟೆಪ್ಪ ಕಲಿಸಿದ ಹಾಗೆ, ಮೊದಲು ವಹಿಯಲ್ಲಿ ಬರೆದುಕೊಂಡಳು. ಝೋನ್ ಒಂದು. ಒಂದು ತಂತಿಯಿಂದ ಭೂಮಿಗೆ. ದೂರ ಹನ್ನೆರಡು ಪಾಯಿಂಟ್ ನಾಲ್ಕು ಕಿಲೋಮೀಟರ್. ಬರೆದದ್ದು ಅವಳ ಅಕ್ಷರವೇ ಅಲ್ಲವೇನೋ ಅನ್ನುವ ಹಾಗೆ ಸೊಟ್ಟಗಾಗಿತ್ತು.

ಮೂರು ವಾರದ ಹಿಂದೆ ರಾಮದುರ್ಗದಿಂದ ಬಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಶಟ್ಟೆಪ್ಪ ಅವಳನ್ನು ಆ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಪಾಠ ಶುರುಮಾಡಿದ್ದ. “ರಿಲೇ ಅಂದ್ರ ಮನಿ ನಾಯಿ ಇದ್ದಂಗ. ನಮ್ಮ ಅಂಗಳದಾಗ ಕಳ್ಳ ಕಾಲಿಟ್ರ ಒಂದ್ ಕ್ಷಣಾನೂ ಕಾಯಂಗಿಲ್ಲ, ಹಾರಿ ಬೀಳತೈತಿ. ಅದು ಝೋನ್ ಒಂದು. ಬಾಜೂ ಮನಿಯಾಗ ಸಪ್ಪಳಾದ್ರ ಚೂರು ತಡೀತೈತಿ, ಆ ಮನಿ ನಾಯಿ ಎದ್ದೀತೇನೋ ಅಂತ ನೋಡತೈತಿ. ಅದು ಎರಡು. ಓಣಿ ತುದಿಗಾದ್ರ ಇನ್ನೂ ತಡದು, ಅದು ಮೂರು. ತಿಳೀತಿಲ್ಲೋ?” ಡಿಪ್ಲೊಮಾದ ಮೂರು ವರ್ಷ ತಲೆಗೆ ಹತ್ತದ್ದು ಆ ನಾಯಿಯಿಂದ ಐದು ನಿಮಿಷದಲ್ಲಿ ಹತ್ತಿತ್ತು. ಕೊನೆಗೆ ಅವನು ಬೆರಳೆತ್ತಿ ಹೇಳಿದ್ದ, “ಆದ್ರ ಒಂದು ನೆನಪಿಡು. ಎಷ್ಟು ದೂರದಾಗ ಸಪ್ಪಳಾತು ಅನ್ನೂದಷ್ಟ ನಾಯಿ ಹೇಳತೈತಿ. ಬಂದವರು ಯಾರು ಅಂತ ಹೇಳಂಗಿಲ್ಲ.”

ಹಕ್ಕಿ ಕೂತಿರಬಹುದು. ಕಬ್ಬಿನ ಒಣ ಸೋಗೆಗೆ ಬೆಂಕಿ ಹಚ್ಚಿ ಹೊಗೆ ಎದ್ದಿರಬಹುದು. ತಂತಿಯೇ ಕಡಿದು ನೆಲಕ್ಕೆ ಬಿದ್ದಿರಬಹುದು. ಪರದೆಯ ಮೇಲೆ ಮೂಡುವುದು ಅದೇ ಅಂಕಿ.

ಅವಳಿಗೆ ಹೆದರಿಕೆ ಇದ್ದದ್ದು ಆ ಢಂ ಸದ್ದಿನದಲ್ಲ. ಎರಡನೇ ವಾರ ಕೃಷ್ಣವ್ವ ಪಡಸಾಲೆ ಒರೆಸುತ್ತ, ಶಟ್ಟೆಪ್ಪ ಹೊರಗಿದ್ದದ್ದನ್ನು ಖಾತ್ರಿ ಮಾಡಿಕೊಂಡು, ದನಿ ಇಳಿಸಿ ಹೇಳಿದ್ದಳು: ಹದಿನೆಂಟು ವರ್ಷದ ಹಿಂದೆ ಹೀಗೇ ಲೈನು ಹೋಗಿತ್ತು. ಮೇಲಿನವರು ಹೇಳಿದರು, ಶಟ್ಟೆಪ್ಪ ಮತ್ತೆ ಕರೆಂಟು ಬಿಟ್ಟ. ಅತ್ತ ಹೊಲದಲ್ಲಿ ಲಕ್ಷ್ಮಣ ಅನ್ನುವವನು, ಬಿದ್ದ ತಂತಿಯಲ್ಲಿ ಸಿಕ್ಕ ಆಡನ್ನು ಬಿಡಿಸುತ್ತಿದ್ದ. “ಆಡೂ ಉಳೀಲಿಲ್ಲ, ಅಂವನೂ ಉಳೀಲಿಲ್ಲ ಬಾಯಾರ. ಸಾಹೇಬ್ರು ಚೌಕಶಿ ಮಾಡಿ ಶಟ್ಟೆಪ್ಪಂದೇನೂ ತಪ್ಪಿಲ್ಲ ಅಂತ ಬರಕೊಟ್ರು. ಕಾಗದದಾಗ ಇಲ್ಲ ನೋಡ್ರಿ, ಖರೇನ ಇಲ್ಲ.”

ಲಕ್ಷ್ಮಣ ಸತ್ತಂದಿನಿಂದ ಶಟ್ಟೆಪ್ಪ ಒಂದು ಕೆಲಸ ಹಚ್ಚಿಕೊಂಡಿದ್ದ. ಗೋಡೆಗೆ ಲೈನಿನ ಹಳೆಯ ಟವರು ಪಟ್ಟಿ ಇತ್ತು, ಒಂದರಿಂದ ನೂರಾ ಹದಿನೆಂಟರವರೆಗೆ. ಪ್ರತಿ ಟವರಿನ ಮುಂದೆ ಅದು ನಿಂತ ಹೊಲದವರ ಹೆಸರು, ಫೋನ್ ನಂಬರು, ಪೆನ್ಸಿಲಿನಲ್ಲಿ. ರಜೆ ದಿನ ಮೋಟಾರ್‌ಸೈಕಲ್ ಹತ್ತಿ ಹೊಲಹೊಲ ತಿರುಗಿ, ಯಾರಾದರೂ ಸಿಮ್ ಬದಲಿಸಿದ್ದರೆ ಅಳಿಸಿ ಹೊಸದು ಬರೆಯುತ್ತಿದ್ದ. ಯಾವ ಸರ್ಕಾರಿ ಹುಕುಮಿನಲ್ಲೂ ಇಲ್ಲದ ಕೆಲಸ. ‘ಕಬ್ಬು’, ‘ಗೋವಿನಜೋಳ’, ‘ಸಿಟ್ಟಿನ ಮನುಷ್ಯಾ, ನಮಸ್ಕಾರ ಅಂತ ಮೊದಲ ಹೇಳಬೇಕು’ ಎಂದೆಲ್ಲ ಷರಾ. ಅರವತ್ಮೂರನೇ ಟವರಿನ ಮುಂದೆ ಲಕ್ಷ್ಮಣ ಎಂಬ ಹೆಸರಷ್ಟೇ ಇತ್ತು.

ಫೋನು ಹೊಡೆದುಕೊಂಡಿತು. ಎಲ್ಲ ಸ್ಟೇಷನ್ನುಗಳಿಗೂ ಹುಕುಮು ಕೊಡುವ ಮೇಲಿನ ಕಂಟ್ರೋಲ್ ರೂಮಿನ ಗೌರೀಶ ಸಾಹೇಬ.

“ಯಾಕ? ಏನ್ ತೋರಸತೈತಿ?”

“ಝೋನ್ ಒಂದ್ರಿ ಸರ್. ಹನ್ನೆರಡು ಪಾಯಿಂಟ್ ನಾಲ್ಕು.”

“ಯಾವ್ದರ ಹಕ್ಕಿ ಕುಂತಿರತೈತಿ. ಒಮ್ಮೆ ಟ್ರಯಲ್ ಕೊಟ್ಟು ನೋಡು.”

“ಸರ್, ಶಟ್ಟೆಪ್ಪ ಕಾಕಾ ಇಲ್ರಿ ಈಗ…”

“ಅಂವ ಇಲ್ಲಂದ್ರ ನೀ ಅದಿ ಅಲ್ಲ? ಆ ಕಡೆ ದವಾಖಾನಿಯೊಳಗ ಆಪರೇಶನ್ ನಡದಾವು. ಜನರೇಟರ್ ಎಷ್ಟೊತ್ತು ಎಳೀತೈತಿ? ಐದು ಮಿನಿಟ್‌ನ್ಯಾಗ ಲೈನ್ ಚಾರ್ಜ್ ಆಗಬೇಕು.” ಫೋನು ಕುಕ್ಕಿದ ಸದ್ದು.

ಸಾಹೇಬ ಹೇಳಿದ್ದು ರಿವಾಜಿನ ಮಾತೇ. ಲೈನು ಹೋದರೆ ಒಂದು ಸಲ ಕರೆಂಟು ಬಿಟ್ಟು ನೋಡುವುದು ಎಲ್ಲ ಕಡೆ ಇದ್ದದ್ದೇ. ಹತ್ತರಲ್ಲಿ ಒಂಬತ್ತು ಸಲ ಲೈನು ನಿಲ್ಲುತ್ತದೆ. ಹತ್ತನೆಯದು ಗೋಡೆಯ ಮೇಲೆ ಹೆಸರಾಗಿ ಕೂತಿತ್ತು. ಪ್ರಣಿತಾ ಶಟ್ಟೆಪ್ಪನಿಗೆ ಫೋನ್ ಹಚ್ಚಿದಳು. ರಿಂಗಾಗಿ ಆಗಿ ನಿಂತಿತು. ಇನ್ನೊಮ್ಮೆ ಹಚ್ಚಿದಳು. ಬಾಯಿಯೊಳಗೆ ಇಕ್ಕಳ ಇಟ್ಟುಕೊಂಡವನು ಹೇಗೆ ಎತ್ತಿಯಾನು!

“ಬಾಯಾರ, ನೀರ ಕುಡೀರಿ,” ಎಂದು ಕೃಷ್ಣವ್ವ ತಂಬಿಗೆ ಹಿಡಿದಳು. ಪ್ರಣಿತಾಳಿಗೆ ಕೇಳಿಸಲೇ ಇಲ್ಲ. ಅವಳು ವಹಿಯ ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಕಿಲೋಮೀಟರಿಗೆ ಮೂರು ಪಾಯಿಂಟ್ ಮೂರು ಟವರು. ಹನ್ನೆರಡು ಪಾಯಿಂಟ್ ನಾಲ್ಕಕ್ಕೆ ನಲವತ್ತೊಂದು. ಎರಡೆರಡು ಸಲ ಗುಣಿಸಿದರೂ ನಲವತ್ತೊಂದು. ಪಟ್ಟಿಯ ಮೇಲೆ ಬೆರಳೋಡಿಸಿದಳು. ನಲವತ್ತೊಂದು: ಚಚಡಿ. ನಿಜಗುಣಪ್ಪ. ‘ಕಿವಿ ಮಂದ. ಹೆಂಡ್ತಿ ಗುರುಬಸವ್ವಗ ಹಚ್ಚಬೇಕು.’

ಗುರುಬಸವ್ವ ಎರಡನೇ ರಿಂಗಿಗೇ ಎತ್ತಿದಳು.

“ಕರೆಂಟ್ ಸ್ಟೇಷನ್ದಿಂದ ಮಾತಾಡಾಕ ಹತ್ತೇನ್ರಿ ಅಮ್ಮಾರ. ನಿಮ್ಮ ಹೊಲದಾಗಿನ ದೊಡ್ಡ ಟವರಿನ ತಂತಿ ನೆಟ್ಟಗ ಐತೇನ್ರಿ? ಒಂದೀಟು ನೋಡಿ ಹೇಳ್ರಿ.”

“ಶಟ್ಟೆಪ್ಪಣ್ಣ ಇಲ್ಲೇನ್ರಿ? ತಡೀರಿ ತಡೀರಿ, ಇಲ್ಲೇ ಬದುವಿನ ಮ್ಯಾಲ ಅದೇನಿ.” ಸ್ವಲ್ಪ ಹೊತ್ತು ಬರೀ ಕಾಲಸಪ್ಪಳ, ಏದುಸಿರು. “ನೆಟ್ಟಗ ಐತ್ರಿ. ಈಕಡೆ ಟವರಿಂದ ಆಕಡೆ ಟವರಿನ ತನಕಾ ನೋಡಿದೆ, ಮೂರೂ ತಂತಿ ಅದಾವು. ಒಂದು ಹೊಗಿ ಇಲ್ಲ, ಏನಿಲ್ಲ. ಲಗೂನ ಕರೆಂಟ್ ಬಿಡ್ರಿ ಯವ್ವಾ, ನೀರ ಹಾಯಿಸೂದು ಅರ್ಧಕ್ಕ ನಿಂತೈತಿ.”

ಪ್ರಣಿತಾಳಿಗೆ ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು. ಕಣ್ಣಿಂದ ನೀರೇ ಬಂತು. ಗಣಪತಿ ಫೋಟೋದ ಕೆಳಗಿನ ಮೊಳೆಗೆ ತೂಗುಹಾಕಿದ್ದ ಹ್ಯಾಂಡಲನ್ನು ತೆಗೆದುಕೊಂಡಳು. ಗೇಣಿಗಿಂತ ಚಿಕ್ಕದು, ಕಪ್ಪಗೆ, ಹಿಡಿದು ಹಿಡಿದು ನುಣುಪಾದದ್ದು. ಇದನ್ನು ಪ್ಯಾನೆಲಿಗೆ ಸಿಕ್ಕಿಸಿ ತಿರುವಿದರಷ್ಟೇ ಲೈನಿಗೆ ಕರೆಂಟು. ಇದು ಯಾರ ಕೈಯಲ್ಲಿದೆಯೋ ಲೈನು ಅವರದು, ಯಾರೇ ಕೊಡು ಅಂದರೂ ಹಂಗೇ ಕೊಡಬಾರದು ಎಂದು ಶಟ್ಟೆಪ್ಪ ಅವಳಿಗೆ ಹತ್ತು ಸಲ ಹೇಳಿದ್ದ.

ಮತ್ತೆ ಫೋನು ಹೊಡೆದುಕೊಳ್ಳತೊಡಗಿತು. ಎತ್ತುವುದೇನು, ಮಾಡಿ ಮುಗಿಸಿಯೇ ಹೇಳಿದರಾಯಿತು ಎಂದು ಹ್ಯಾಂಡಲ್ ಸಿಕ್ಕಿಸಿದಳು. ತಿರುವುವ ಮುಂಚೆ ಒಮ್ಮೆ ಯಾರ್ಡಿನ ಕಡೆ ನೋಡಬೇಕು, ಯಾರೂ ಒಳಗಿಲ್ಲವೆಂದು ಖಾತ್ರಿಯಾಗಬೇಕು. ಇದೂ ಶಟ್ಟೆಪ್ಪನ ಪಾಠವೇ. ಕಿಟಕಿಯಾಚೆ ನೋಡಿದಳು. ಯಾರ್ಡು ಖಾಲಿ. ಕಂಪೌಂಡಿನಾಚೆ ಮೊದಲನೇ ಟವರು. ಅದರ ಕಾಲಿಗೆ ಬಡಿದ ಹಳದಿ ತಗಡು. ಮೂರು ವಾರದಿಂದ ಊಟಕ್ಕೆ ಕೂತಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದ ತಗಡು. ಅದರ ಮೇಲೆ ಕರಿ ಬಣ್ಣದಲ್ಲಿ 118.

ಮಣಿಕಟ್ಟು ಆಗಲೇ ತಿರುಗಲು ಶುರುವಾಗಿತ್ತು. ಅಲ್ಲೇ ನಿಂತಿತು.

ಮೊದಲನೇ ಟವರಿಗೆ ನೂರಾ ಹದಿನೆಂಟು ಯಾಕೆ?

ಆ ಕಾಲದಲ್ಲಿ ಲೈನು ಎಳೆದುಕೊಂಡು ಬಂದದ್ದು ಬೈಲಹೊಂಗಲದ ಕಡೆಯಿಂದ. ಎಣಿಕೆ ಅಲ್ಲಿಂದ ಶುರು. ಇಲ್ಲಿ ಬರುವ ಹೊತ್ತಿಗೆ ಮುಗಿಯುತ್ತದೆ. ಶಟ್ಟೆಪ್ಪನಿಗೆ ಅದು ತನ್ನ ಮನೆಯ ಮೆಟ್ಟಿಲಿದ್ದ ಹಾಗೆ. ಇದನ್ನೇನು ಬಾಯಿಬಿಟ್ಟು ಹೇಳುವುದು ಎಂದು ಅವನಿಗೆ ಅನಿಸಿಯೇ ಇರಲಿಲ್ಲ. ರಿಲೇ ಎಣಿಸುವುದು ಮಾತ್ರ ತಾನು ನಿಂತ ಜಾಗದಿಂದ. ನಲವತ್ತೊಂದು ಟವರು ದೂರ ಎಂದರೆ ನಲವತ್ತೊಂದನೇ ಟವರಲ್ಲ. ಗುರುಬಸವ್ವ ನಿಜವನ್ನೇ ಹೇಳಿದ್ದಳು, ತನ್ನ ಹೊಲದ ನಿಜವನ್ನು.

ಹ್ಯಾಂಡಲನ್ನು ಕಿತ್ತು ಎದೆಗೊತ್ತಿಕೊಂಡು ಗೋಡೆಯ ಕಡೆ ಬಂದಳು. ನೂರಾ ಹದಿನೆಂಟರಲ್ಲಿ ನಲವತ್ತೊಂದು ಕಳೆದರೆ ಎಪ್ಪತ್ತೇಳು. ಇಷ್ಟು ಸಣ್ಣ ಲೆಕ್ಕಕ್ಕೂ ಬೆರಳು ಮಡಚಬೇಕಾಯಿತು. ಎಪ್ಪತ್ತೇಳು: ಶಿವಲಿಂಗ, ಹೆಂಡ್ತಿ ಇಂದ್ರವ್ವ. ಹಳ್ಳದ ದಂಡಿ. ಕಬ್ಬು. ಅತ್ತ ಕಂಟ್ರೋಲ್ ರೂಮಿನ ಫೋನು ನಿಲ್ಲದೆ ಒದರುತ್ತಿತ್ತು. ತನ್ನ ಮೊಬೈಲಿನಲ್ಲಿ ನಂಬರು ಒತ್ತಿದಳು. ಒಂದು ಅಂಕಿ ತಪ್ಪಿತು, ಅಳಿಸಿ ಮತ್ತೆ ಒತ್ತಿದಳು.

“ಯಾರ್ರೀ?” ಹೆಣ್ಣು ದನಿ. ಹಿಂದೆ ಎತ್ತಿನ ಗೆಜ್ಜೆಯ ಸದ್ದು.

“ಕರೆಂಟ್ ಸ್ಟೇಷನ್ದಿಂದ್ರಿ. ಇಂದ್ರವ್ವನ ಹೌದಿಲ್ರಿ? ನಿಮ್ಮ ಹೊಲದಾಗ ತಂತಿ…”

“ಬಿದ್ದೈತ್ರಿ ಯವ್ವಾ! ಢಮ್ಮಂತ ಸಪ್ಪಳಾಗಿ ಕಡಕೊಂಡು ಬಿತ್ರಿ. ಚಕ್ಕಡಿ ದಾರಿಗೆ ಅಡ್ಡ ಬಿದ್ದೈತಿ, ಕಬ್ಬ ಹೇರಿದ್ದ ಗಾಡಿ ನಿಂತಬಿಟ್ಟೈತಿ. ಚಿಂತಿ ಮಾಡಬ್ಯಾಡ್ರಿ, ಇವರು ಬಾಜೂಕ ಎಳದು ಹಾಕಾಕ ಹತ್ಯಾರ.”

“ಏನಿಲೆ ಎಳದು?”

“ಕೈಲೆ ರೀ. ಮೋಟರ್ ಬಂದ್ ಆಗೇತಲ್ರಿ, ಕರೆಂಟ್ ಎಲ್ಲೈತಿ ಈಗ?”

ಪ್ರಣಿತಾ ಕೂಗಿದ ಕೂಗಿಗೆ ಕೃಷ್ಣವ್ವನ ಕೈಯಿಂದ ತಂಬಿಗೆ ಬಿತ್ತು. “ಬಿಡಂತ ಹೇಳ್ರಿ! ಬಿಟ್ಟು ದೂರ ಸರಿ ಅನ್ರಿ! ಹೇಳ್ರಿ ಲಗೂ, ನಿಮ್ಮ ಕಾಲ ಬೀಳತೇನಿ!”

ಫೋನಿನಲ್ಲಿ ಇಂದ್ರವ್ವ ಯಾರನ್ನೋ ಕೂಗುವುದು ಕೇಳಿಸಿತು. ಗಾಳಿ. ಮತ್ತೆ ಕೂಗು. ಗಂಡಸಿನ ದನಿ ಏನೋ ಗೊಣಗಿತು. ಆಮೇಲೆ ಗೆಜ್ಜೆಯ ಸದ್ದು ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ಸರಿಯಿತು.

“ಬಿಟ್ರಿ,” ಅಂದಳು ಇಂದ್ರವ್ವ. “ಯಾಕ್ರಿ ಯವ್ವಾ, ಕರೆಂಟ್ ಬರೂದಿತ್ತೇನು?”

“ನಾ ಹೇಳೂತನಕಾ ಯಾರೂ ತಂತಿ ಹಂತೇಕ ಹೋಗಬ್ಯಾಡ್ರಿ,” ಎಂದಳು ಪ್ರಣಿತಾ.

ಆಮೇಲೆ ಗೌರೀಶ ಸಾಹೇಬನ ಫೋನೆತ್ತಿದಳು. “ಇಲ್ರಿ ಸರ್. ತಂತಿ ಕಡದು ಬಿದ್ದೈತಿ. ಅಲ್ಲೆ ಮಂದಿ ಅದಾರ. ನಾ ಚಾರ್ಜ್ ಮಾಡಂಗಿಲ್ರಿ.” ಲೈನು ರಿಪೇರಿ ಗ್ಯಾಂಗ್ ಕಳಿಸುತ್ತೇನೆ, ದವಾಖಾನೆಗೆ ಬೇರೆ ಕಡೆಯಿಂದ ಕೊಡಿಸುತ್ತೇನೆ ಎಂದು ಸಾಹೇಬ ಮೆತ್ತಗೆ ಹೇಳಿದ. ಬೇರೆ ಕಡೆ ಅನ್ನುವುದೊಂದು ಇತ್ತೆಂಬುದು ಪುಣ್ಯಾತ್ಮನಿಗೆ ಐದು ನಿಮಿಷದ ಹಿಂದೆ ನೆನಪಾಗಿರಲಿಲ್ಲ.

ಶಟ್ಟೆಪ್ಪ ಬಂದಾಗ ಅವಳು ನೆಲದ ಮೇಲೆ, ಪ್ಯಾನೆಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಹ್ಯಾಂಡಲ್ ಹಿಡಿದ ಮುಷ್ಟಿಯನ್ನು ಬಿಡಿಸಲು ಕೃಷ್ಣವ್ವ ಬೆರಳು ನೀವಿ ನೀವಿ ಸಾಕಾಗಿ ಸುಮ್ಮನಾಗಿದ್ದಳು. ಶಟ್ಟೆಪ್ಪನ ಬಾಯಿತುಂಬ ಹತ್ತಿ. ಎರಡು ತಾಸು ಮಾತಾಡಬೇಡ ಎಂದು ಡಾಕ್ಟರು ತಾಕೀತು ಮಾಡಿದ್ದರು. ಏನಾಯಿತೆಂದು ಕೈಯಲ್ಲೇ ಕೇಳಿದ. ಅವಳು ವಹಿಯ ಕಡೆ ತೋರಿಸಿದಳು. ಅವನು ಓದಿದ. ಅಂಚಿನ ಲೆಕ್ಕ ನೋಡಿದ, ನಲವತ್ತೊಂದು, ಅದರ ಸುತ್ತ ಎಳೆದ ಗೆರೆ. ಕೆಳಗೆ ಎಪ್ಪತ್ತೇಳು. ಕಿಟಕಿಯಾಚೆಯ ಹಳದಿ ತಗಡಿನ ಕಡೆ ತಿರುಗಿದವನು ಎಷ್ಟೋ ಹೊತ್ತು ಈಚೆ ತಿರುಗಲಿಲ್ಲ.

ಅವಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು, ಕೊಡು ಎಂಬಂತೆ ಹ್ಯಾಂಡಲಿಗೆ ಕೈ ಚಾಚಿದ.

ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಕೃಷ್ಣವ್ವ ಎತ್ತಿ ಅವಳ ಕಿವಿಗೆ ಹಿಡಿದಳು.

“ಯವ್ವಾ, ನಾ ಇಂದ್ರವ್ವ್ರಿ. ಎತ್ತು ಬಿಸಲಾಗ ನಿಂತಾವ್ರಿ. ಈಗ ಮುಟ್ಟಬಹುದೇನ್ರಿ?”

ದನಿ ಕೋಣೆಯೊಳಗೆ ಎಲ್ಲರಿಗೂ ಕೇಳಿಸಿತು. ಪ್ರಣಿತಾ ಶಟ್ಟೆಪ್ಪನ ಅಂಗೈ ನೋಡಿದಳು, ತನ್ನ ಮುಷ್ಟಿ ನೋಡಿದಳು.

“ಇಲ್ರಿ,” ಎಂದಳು. “ಇನ್ನೂ ಬ್ಯಾಡ್ರಿ.”

ಶಟ್ಟೆಪ್ಪ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು, ಅವಳ ಪಕ್ಕದಲ್ಲೇ ನೆಲಕ್ಕೆ ಕೂತ.