ಮೂಲೆಯ ಮ್ಯಾಗ್ನೆಟ್

"ಪ್ಲಾನ್ ಎಲ್ಲಾ ಇರ್ಲಿ ಜಯಂತ್, ಬಾಲ್ ಕಲ್ಮೇಶ್ ಕೈಗೆ ಕೊಟ್ಬಿಟ್ರೆ ಆಯ್ತಲ್ಲ," ಎಂದ ಕ್ಯಾಪ್ಟನ್ ಸಂದೀಪ್, ಶೂ ಲೇಸ್ ಕಟ್ಟುತ್ತಾ. ಸುತ್ತ ನಿಂತಿದ್ದ ಹುಡುಗರು ನಕ್ಕರು. ಕಾರಿನ ಡಿಕ್ಕಿಯಲ್ಲಿ ಮೈದಾನದ ನಕ್ಷೆಯ ಬೋರ್ಡು ಮಲಗಿಸಿಕೊಂಡು ಒಬ್ಬೊಬ್ಬರ ಜಾಗ ತೋರಿಸುತ್ತಿದ್ದ ಜಯಂತ್ ಕೂಡ ನಕ್ಕ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೆಲ್ಬರ್ನ್‌ನಲ್ಲಿ ಕೆಲಸಕ್ಕಿದ್ದಾಗ ಜಯಂತ್ ಹಚ್ಚಿಕೊಂಡ ಆಟ ಇದು, ಆಸ್ಟ್ರೇಲಿಯಾದವರ ಫುಟ್‌ಬಾಲು. ಮೊಟ್ಟೆಯಾಕಾರದ ಚೆಂಡು; ಒದೆಯಲೂಬಹುದು, ಹಿಡಿಯಲೂಬಹುದು. ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನಿಗೆ ಯಾರೂ ಅಡ್ಡ ಬರದಂತೆ ಒದೆಯುವ ಅವಕಾಶ. ಮಂಡಿ ಕೈಕೊಟ್ಟ ಮೇಲೆ ಜಯಂತ್ ಆಡುವುದು ಬಿಟ್ಟು ಆಡಿಸುವುದಕ್ಕೆ ನಿಂತ. ಅಮೆರಿಕದ ವುಡಿನ್‌ವಿಲ್‌ನಲ್ಲಿ ಈ ತಂಡ ಕಟ್ಟಿದವನೇ ಅವನು. ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್‌ಗಳನ್ನು ಕಿತ್ತು ತಂದು ಬೋರ್ಡಿನ ಮೇಲೆ ಆಟಗಾರರನ್ನಾಗಿ ಮಾಡಿದ್ದ. ಸಂದೀಪ್ ಅಂದರೆ ನಯಾಗರ ಜಲಪಾತದ ಮ್ಯಾಗ್ನೆಟ್ಟು. ಎದುರಾಳಿಗಳು ಸೋಡಾ ಬಾಟಲಿಯ ಮುಚ್ಚಳಗಳು. ಕೊನೆಗೆ ಸೇರಿದ ಕಲ್ಮೇಶನಿಗೆ ಉಳಿದದ್ದು ಪಿಜ್ಜಾ ಅಂಗಡಿಯವರು ಪುಕ್ಕಟೆ ಕೊಟ್ಟ ಮ್ಯಾಗ್ನೆಟ್ಟು.

ಆಟ ಗೆಲ್ಲುವುದು ತಲೆಯಿಂದ, ಕೈಕಾಲಿನಿಂದಲ್ಲ ಎಂದು ಜಯಂತ್ ಪ್ರತಿ ಪಾಟ್‌ಲಕ್ ಊಟದಲ್ಲೂ ವಾದಿಸಿದ್ದ. ಅಂಥವನ ಮುಂದೆ ಈ ಗದಗಿನ ಹುಡುಗ ಬಂದ. ಕಾಲೇಜಿನಲ್ಲಿ ವಾಲಿಬಾಲ್ ಆಡಿದ್ದನಂತೆ, ಅಷ್ಟೇ. ಈ ಆಟದ ನಿಯಮ ಇನ್ನೂ ಪೂರ್ತಿ ಗೊತ್ತಿಲ್ಲ. ಆದರೆ ಚೆಂಡು ಮೇಲೆದ್ದರೆ ಇಬ್ಬರ ತಲೆಯ ಮೇಲಿಂದ ಹಾರಿ ಹಿಡಿಯುತ್ತಿದ್ದ. ಜಯಂತನಿಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರಿಡುವುದು ಬೇಡ. ಮಂಡಿ ನೆಟ್ಟಗಿದ್ದ ಕಾಲದಲ್ಲೂ ತನಗೆ ಬಾರದ್ದು ಇವನಿಗೆ ಯಾರೂ ಹೇಳಿಕೊಡದೆ ಬಂದಿತ್ತಲ್ಲ.

ಇವತ್ತು ಡುವಾಲ್‌ನ ಮೈದಾನದಲ್ಲಿ ಹತ್ತಿರದ ನ್ಯೂಕ್ಯಾಸಲ್ ಊರಿನ ತಂಡದ ಜೊತೆ ಆಟ. ಗದಗಿನಿಂದ ಬಂದಿದ್ದ ಕಲ್ಮೇಶನ ತಾಯಿ ಗಂಗಮ್ಮ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ಹಾಕಿಕೊಂಡು, ಮಡಚುವ ಕುರ್ಚಿಯಲ್ಲಿ ಶೇಂಗಾ ಉಂಡಿಯ ಡಬ್ಬಿ ಹಿಡಿದು ಕೂತಿದ್ದರು. ಬಂದವರಿಗೆಲ್ಲ ಒಂದೊಂದು ಉಂಡಿ ಕೊಟ್ಟಾಗಿತ್ತು.

"ಸರಾ, ನಮ್ಮ ಕಲ್ಮೇಶ ಭಾಳ ಚಲೋ ಆಡ್ತಾನಂತ. ಒಮ್ಮೆನೂ ನೋಡಿಲ್ರಿ. ಇನ್ನ ನಾಡಿದ್ದ ಊರಿಗೆ ಹೊಂಟೀನಿ, ಅದಕ್ಕ ಬಂದೆ."

"ನೋಡಿ ಅಮ್ಮ, ನೋಡಿ," ಎಂದ ಜಯಂತ್. ಬೋರ್ಡಿಗೆ ಮರಳಿದವನೇ ಪಿಜ್ಜಾ ಮ್ಯಾಗ್ನೆಟ್ಟನ್ನು ಗೋಲಿನ ಮುಂದಿನಿಂದ ಎತ್ತಿ ಬಲಗಡೆಯ ಮೂಲೆಗೆ ಅಂಟಿಸಿದ.

"ಕಲ್ಮೇಶ್, ಇವತ್ತು ನೀನು ಆ ಗೆರೆ ಹತ್ರಾನೇ ನಿಂತಿರು. ಸಂದೀಪ್, ಬಾಲ್ ಎಲ್ಲಾ ಎಡಗಡೆಯಿಂದಾನೇ ಹೋಗ್ಬೇಕು. ಆ ಕಡೆ ಯಾರೂ ಒದೀಬೇಡಿ."

"ಯಾಕೋ?" ಎಂದ ಸಂದೀಪ್.

"ಟ್ಯಾಕ್ಟಿಕ್ಸ್."

"ಆತ್ರಿ ಸರ್," ಎಂದ ಕಲ್ಮೇಶ್. ಹೋಗುವಾಗ ಒಮ್ಮೆ ಕುರ್ಚಿಯ ಕಡೆ ತಿರುಗಿ ನೋಡಿದ.

ಆಟ ಶುರುವಾದಾಗ ಜಯಂತ್ ಎಣಿಸದೇ ಇದ್ದದ್ದು ನಡೆಯಿತು. ಹೋದ ಸಲ ಕಲ್ಮೇಶನಿಂದ ಏಟು ತಿಂದಿದ್ದ ನ್ಯೂಕ್ಯಾಸಲ್‌ನವರು ಇಬ್ಬರು ಎತ್ತರದ ಆಳುಗಳನ್ನು ಅವನ ಬೆನ್ನಿಗೆ ಬಿಟ್ಟರು. ಎಡಗಡೆ ಬಯಲಾಯಿತು. ಸಂದೀಪ್ ಹೋದದ್ದೇ ದಾರಿ, ಒದ್ದದ್ದೇ ಗೋಲು. ಆ ಮೂಲೆಯಲ್ಲಿ ಕಲ್ಮೇಶ್ ಕೈಯೆತ್ತಿಕೊಂಡು ಅತ್ತಿತ್ತ ಓಡುತ್ತಲೇ ಇದ್ದ. ಗಂಗಮ್ಮ ಕುರ್ಚಿಯನ್ನೇ ಅತ್ತ ತಿರುಗಿಸಿಕೊಂಡು ಕೂತಿದ್ದರು. ಚೆಂಡು ಎಲ್ಲಿದೆ ಎಂದು ಅವರು ನೋಡಲೇ ಇಲ್ಲ.

ಗೆಲುವು ಖಾತ್ರಿಯಾದ ಮೇಲಾದರೂ ಒಂದು ಆ ಕಡೆ ಒದಿಯಪ್ಪಾ ಎಂದು ಜಯಂತ್ ಕೂಗಬಹುದಿತ್ತು. ಮಾತು ಬಾಯಿಗೂ ಬಂದಿತ್ತು. ಕಲ್ಮೇಶ್ ಹಾರಿ ಹಿಡಿಯುವುದು, ಎಲ್ಲರೂ ಓ ಎನ್ನುವುದು ಕಣ್ಣ ಮುಂದೆ ಬಂದು ಜಯಂತ್ ಬಾಯಿ ಮುಚ್ಚಿಕೊಂಡ.

ಆಟ ಮುಗಿದದ್ದೇ ಸಂದೀಪ್ ಓಡಿಬಂದು ತಬ್ಬಿಕೊಂಡ. "ಏನ್ ತಲೆನೋ ನಿಂದು! ಗಾಳಕ್ಕೆ ಹುಳ ಸಿಗಿಸ್ದಂಗೆ ಅವ್ನನ್ನ ಅಲ್ಲಿಟ್ಟೆ, ಇಬ್ರೂ ಕಚ್ಕೊಂಡ್ರು. ಇನ್ಮೇಲೆ ಟ್ಯಾಲೆಂಟ್ ಗೀಲೆಂಟ್ ಅನ್ನಲ್ಲ ಮಾರಾಯ."

ಈ ಮಾತಿಗಾಗಿ ಜಯಂತ್ ಎಷ್ಟೋ ಕಾಲದಿಂದ ಕಾದಿದ್ದ. ಈಗ ಅದು ಉಪ್ಪಿಲ್ಲದ ಸಾರಿನ ಹಾಗಿತ್ತು. ಎಲ್ಲರ ಜರ್ಸಿಯೂ ಕೆಸರಾಗಿತ್ತು. ಕಲ್ಮೇಶನದು ಮಾತ್ರ ತಾಯಿ ಇಸ್ತ್ರಿ ಮಾಡಿಕೊಟ್ಟಿದ್ದ ಮಡಿಕೆಯ ಗೆರೆ ಸಮೇತ ಹಾಗೇ ಇತ್ತು. "ಪ್ಲಾನ್ ಚಲೋ ಇತ್ರಿ ಸರ್," ಎಂದು ಹೇಳಿ ಅವನು ನೀರು ಕುಡಿಯಲು ಹೋದ. ಕುಹಕವೇನಾದರೂ ಇದೆಯೇ ಎಂದು ಜಯಂತ್ ಹುಡುಕಿದ. ಇರಲಿಲ್ಲ.

ಗಂಗಮ್ಮ ಡಿಕ್ಕಿಯ ಹತ್ತಿರ ಬಂದು ಬೋರ್ಡಿನ ಮೇಲೆ ಬಗ್ಗಿದರು.

"ಇದ್ರಾಗ ನನ್ನ ಮಗ ಯಾವುದ್ರಿ ಸರಾ?"

ಜಯಂತ್ ಮೂಲೆಯ ಪಿಜ್ಜಾ ತೋರಿಸಿದ.

"ಮತ್ತ ಆ ಇಬ್ಬರು ಎಲ್ಲಿ ಅದಾರ? ಅವನ್ನ ಬಿಟ್ಟ ಸರೀಲೇ ಇಲ್ಲಲ್ರಿ. ಅಷ್ಟ ಅಂಜತಾರೇನು ನಮ್ಮ ಹುಡುಗಗ?" ಅವರ ಮುಖ ಅರಳಿತ್ತು. ಮಗನ ಆಟ ನೋಡಿಯಾಯಿತು ಎನ್ನುವ ತೃಪ್ತಿಯಲ್ಲಿ ನಿಂತಿದ್ದರು.

ಮುಚ್ಚಳಗಳೆಲ್ಲ ಎಡಗಡೆಯೂ ನಡುವೆಯೂ ಇದ್ದವು. ಮೂಲೆಯಲ್ಲಿ ಒಂದೂ ಇರಲಿಲ್ಲ.

"ಅವರನ್ನ ನಾನು ಹಾಕಿರ್ಲಿಲ್ಲಮ್ಮ," ಎಂದ ಜಯಂತ್.

ಗಂಗಮ್ಮ ಡಬ್ಬಿ ತೆಗೆದರು. ತಳದಲ್ಲಿ ಉಳಿದಿದ್ದ ಎರಡು ಉಂಡಿಗಳನ್ನು ಪಿಜ್ಜಾದ ಆಚೆಗೊಂದು ಈಚೆಗೊಂದು ಒತ್ತಿ ಇಟ್ಟರು.

"ಹಿಂಗ ನಿಂತಿದ್ರು ನೋಡ್ರಿ," ಎಂದು ನಕ್ಕು, ಸೆರಗಿಗೆ ಕೈ ಒರೆಸಿಕೊಂಡು ಮಗನನ್ನು ಕರೆಯಲು ಹೋದರು.

ಕಾರುಗಳು ಒಂದೊಂದಾಗಿ ಹೊರಟವು. ಡಿಕ್ಕಿ ಮುಚ್ಚಬೇಕಿತ್ತು. ಜಯಂತ್ ಉಂಡಿಗಳನ್ನು ಎತ್ತದೆ ನಿಂತೇ ಇದ್ದ.