ಮೂರನೇ ಸಲದ ಮಾತು

"ರೀ, ಏಳ್ರೀ! ಮೇಲೇನೋ ಸಿಡೀತು. ಬೇಗ ನೋಡ್ರೀ, ಆರಿಹೋಗತ್ತೆ!"

ಗೋಡೆಯ ಮೇಲಿನ ಪೆಟ್ಟಿಗೆಯಿಂದ ಹೆಂಗಸಿನ ದನಿ ಬಂದಾಗ ಭೂತಗನ್ನಡಿ ಸಾಹೇಬರು ಊಟದ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು. ಎರಡೂ ಕೈ ಮುಚ್ಚಳದ ಮೇಲೇ ಇದ್ದವು. ಅವರು ಆ ಕೈಗಳನ್ನು ಒಮ್ಮೆ ನೋಡಿಕೊಂಡರು, ಬೇರೆಯವರ ಕೈ ನೋಡುವಂತೆ.

"ಆಯ್ತಾ ಸಾರ್ ಇವತ್ತಿಂದು?" ಎಂದರು ಆಪರೇಟರಮ್ಮ, ತಿರುಗದೆಯೇ. ಉಪಗ್ರಹಕ್ಕೆ ಆದೇಶ ಕಳಿಸುವ ಮೇಜು ಅವರದು.

"ನಾನು ಒತ್ತಿಲ್ಲ."

"ನೀವು ಒತ್ತಿಲ್ಲ. ಸರಿ. ಹಾಗಾದ್ರೆ ನಮ್ಮತ್ತೆ ಒತ್ತಿರ್ಬೇಕು."

ಆಪರೇಟರಮ್ಮನ ತಪ್ಪಲ್ಲ. ಪೆಟ್ಟಿಗೆಯಲ್ಲಿದ್ದ ದನಿ ಸಾಹೇಬರ ಹೆಂಡತಿಯದು. ಆಕೆ ಇದೇ ನಿಯಂತ್ರಣ ಕೊಠಡಿಯಲ್ಲಿ ಇಂಜಿನಿಯರ್ ಆಗಿದ್ದವರು. ಆಕಾಶದಲ್ಲಿ ಗಾಮಾ ಕಿರಣ ಸಿಡಿದಾಗ ಉಪಗ್ರಹ ಕೆಳಗೆ ಸುದ್ದಿ ಕಳಿಸುತ್ತದೆ; ಕೆಳಗಿದ್ದವರು ಎಚ್ಚೆತ್ತುಕೊಳ್ಳಬೇಕು. ಮೊದಲು ಬೀಪ್ ಸದ್ದಿತ್ತು. ತೂಕದ ಯಂತ್ರದಿಂದ ಲಿಫ್ಟಿನವರೆಗೆ ಸಕಲವೂ ಬೀಪ್ ಎನ್ನುವ ಕಾಲದಲ್ಲಿ ಆ ಸದ್ದಿಗೆ ಯಾರೂ ಸೊಪ್ಪು ಹಾಕಲಿಲ್ಲ. ಆಕೆ ಬೇಸತ್ತು, ಮನೆಯಲ್ಲಿ ಗಂಡನನ್ನು ಎಬ್ಬಿಸುವ ದನಿಯನ್ನೇ ತುಂಬಿ ಈ ಪೆಟ್ಟಿಗೆ ಮಾಡಿಟ್ಟರು. ಅಂದಿನಿಂದ ಡ್ಯೂಟಿಯಲ್ಲಿ ಗಡ್ಡದವನಿರಲಿ, ನಿನ್ನೆ ಸೇರಿದ ಹುಡುಗಿಯಿರಲಿ, ಎಲ್ಲರೂ "ರೀ". ಒಮ್ಮೆ ನಿರ್ದೇಶಕರೇ ಸಿಕ್ಕಿಬಿದ್ದು, ಕರೆದ ಕೂಡಲೇ ಎದ್ದು ನಿಂತಿದ್ದರಂತೆ.

ಹೋದ ವರ್ಷ ಆಕೆ ತೀರಿಕೊಂಡರು. ದನಿ ಮಾತ್ರ ಕೆಲಸದಲ್ಲಿ ಮುಂದುವರಿಯಿತು. ಹೊಸಬರು ತೊದಲುತ್ತ ದೂರು ಕೊಟ್ಟರು: "ಇಲ್ಲದೋರು ಕರೆದ್ರೆ ಓಗೊಡೋದು ಹೇಗೆ ಸಾರ್?" ನಿರ್ದೇಶಕರು ನಾಳೆ ಪೆಟ್ಟಿಗೆ ಬಿಚ್ಚಿಸಿ ಹೊಸ ಯಂತ್ರ ಹಾಕಿಸಲಿದ್ದರು. ಪೆಟ್ಟಿಗೆ ಬಿಚ್ಚಿದರೆ ಒಳಗಿನದು ಅಳಿಸಿಹೋಗುತ್ತದೆ. ಹಾಗೆ ಕಟ್ಟಿದ್ದು ಆಕೆಯೇ, ಯಾರೂ ಕೈಯಾಡಿಸಬಾರದೆಂದು. ಪರೀಕ್ಷೆಯ ಕೀಲಿ ಸಾಹೇಬರ ಬಳಿಯಿತ್ತು. ವಾರಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ನಿಯಮ. ಉಳಿದವರು ಊಟದ ನಂತರ ತೂಕಡಿಸುವಂತೆ, ಅವರು ದಿನಾ ಊಟದ ನಂತರ ಕೀಲಿ ತಿರುಗಿಸಿ ಬೈಸಿಕೊಳ್ಳುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು.

"ರೀ, ಏಳ್ರೀ! ಮೇಲೇನೋ ಸಿಡೀತು..."

ಆಪರೇಟರಮ್ಮನ ಕುರ್ಚಿ ಈ ಸಲ ಕಿರುಗುಟ್ಟುತ್ತ ತಿರುಗಿತು. "ಸಾರ್, ಟೆಸ್ಟಾದ್ರೆ ಒಂದೇ ಸಲ ಅಲ್ವಾ ಹೇಳೋದು?"

"ಒಂದೇ ಸಲ."

"ಕೀಲಿ ಎಲ್ಲಿದೆ?"

ಸಾಹೇಬರು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಇಬ್ಬರೂ ಅದನ್ನೇ ನೋಡಿದರು. ಅದು ಸುಮ್ಮನೆ ಬಿದ್ದಿತ್ತು.

"ಅಯ್ಯೋ, ನಿಜವಾದದ್ದು! ಹಸಿರು ಒತ್ತಿ ಸಾರ್, ಉಪಗ್ರಹ ದಿಗಂತದಾಚೆ ಇಳೀತಾ ಇದೆ. ಮರೆಯಾದ್ರೆ ಅದರ ದೂರದರ್ಶಕ ತಿರುಗಿಸೋಕಾಗಲ್ಲ, ಇನ್ನೊಂದು ಸುತ್ತು ಕಾಯ್ಬೇಕು. ಅಷ್ಟರಲ್ಲಿ ಏನುಳಿಯುತ್ತೆ, ಬೂದಿ!"

ಹಸಿರು ಗುಂಡಿ ಒತ್ತುವುದೆಂದರೆ ಓಗೊಟ್ಟಂತೆ. ಓಗೊಟ್ಟ ಮೇಲೇ ಸಿಡಿದ ಜಾಗ ಪರದೆಯ ಮೇಲೆ ಬರುವುದು. ದನಿ ನಿಲ್ಲುವುದೂ ಆಗಲೇ. ಗುಂಡಿ ಸಾಹೇಬರ ಮೇಜಿನ ಮೇಲೆ, ಕೈಗೆಟುಕುವಲ್ಲೇ ಇತ್ತು. ಕೈ ಹೋಗಲಿಲ್ಲ. ಎರಡನೇ ಸಲ ಕರೆಸಿಕೊಳ್ಳದ ಗಂಡನೆಂದು ನೆಂಟರಿಷ್ಟರಲ್ಲಿ ಅವರಿಗೆ ಹೆಸರಿತ್ತು. ಡ್ಯೂಟಿಯಲ್ಲೂ ಅಷ್ಟೇ, ಮೊದಲ "ರೀ"ಗೇ ಗುಂಡಿ. ಉಳಿದವರೂ ಅವರನ್ನು ನೋಡಿಯೇ ಕಲಿತವರು. ಹಾಗಾಗಿ ಇಷ್ಟು ವರ್ಷಗಳಲ್ಲಿ ಆ ಪೆಟ್ಟಿಗೆ ಎರಡರಾಚೆ ಏನು ಹೇಳುತ್ತದೆಂದು ಯಾರೂ ಕೇಳಿರಲಿಲ್ಲ.

"ಸಾರ್!"

ಪೆಟ್ಟಿಗೆ ಮೌನವಾಗಿತ್ತು. ಕಂಪ್ಯೂಟರುಗಳ ಒಳಗಿನ ಫ್ಯಾನುಗಳ ಸದ್ದೂ ತಗ್ಗಿದಂತಿತ್ತು. ಆಮೇಲೆ ದನಿ ಬಂತು. ಕೂಗಲ್ಲ. ದಿಂಬಿನ ಪಕ್ಕದಿಂದ ಮಾತಾಡಿದಂತೆ, ಮೆಲ್ಲಗೆ.

"ಇನ್ನೂ ಕೂತಿದೀರಾ? ನನ್ನ ದನಿ ಕೇಳ್ಕೊಂಡು ಕೂರಬೇಡ್ರೀ. ಅದು ಆರ್ತಾ ಇದೆ."

ಆಪರೇಟರಮ್ಮ ಸೆರಗನ್ನು ಮೈತುಂಬ ಎಳೆದುಕೊಂಡರು. "ಇದನ್ನ... ಯಾವಾಗ ತುಂಬಿದ್ರು?"

"ಗೊತ್ತಿಲ್ಲ. ನಾನೂ ಕೇಳಿರಲಿಲ್ಲ."

ಮೂರನೆಯದನ್ನು ತುಂಬಿದವಳು ನಾಲ್ಕನೆಯದನ್ನು ಬಿಟ್ಟಿರುವುದಿಲ್ಲ. ಮೂವತ್ತು ವರ್ಷ ಜೊತೆಗಿದ್ದವರಿಗೆ ಅಷ್ಟು ಗೊತ್ತಿತ್ತು. ನಾಳೆ ಪೆಟ್ಟಿಗೆ ಇರುವುದಿಲ್ಲ. ಸುಮ್ಮನೆ ಕೂತರೆ ಸಾಕು, ಅದೂ ಬರುತ್ತದೆ. ಸಾಹೇಬರ ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ಮೇಲೆ, ಪೆಟ್ಟಿಗೆಯೊಳಗೆ, ಮಾತಿಗೆ ಮುಂಚೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು.

ಒತ್ತಿದರು.

ಉಸಿರು ಅರ್ಧಕ್ಕೇ ನಿಂತಿತು.

ಪರದೆಯಲ್ಲಿ ಅಂಕಿಗಳು ಮೂಡಿದವು. ಆಪರೇಟರಮ್ಮ ಆದೇಶ ಕಳಿಸಿದರು. ಉಪಗ್ರಹ ಅಂಚಿನಲ್ಲಿ ಮುಳುಗುವ ಮುನ್ನ ಮಗ್ಗುಲು ಬದಲಿಸಿತು.

ಅದು ಮತ್ತೆ ಮೇಲೆ ಬಂದಾಗ ಕ್ಷ-ಕಿರಣದ ಮೊದಲ ಚಿತ್ರ ಕೊಟ್ಟಿತು. ರವೆ ಚೆಲ್ಲಿದಂಥ ಕತ್ತಲು, ನಡುವೆ ಒಂದು ಚುಕ್ಕೆ. ಆಪರೇಟರಮ್ಮ ಚಪ್ಪಾಳೆ ತಟ್ಟಲು ಹೋದರು, ಸಾಹೇಬರು ತಡೆದರು. ಅಲ್ಲೇ ಆಸುಪಾಸಿನಲ್ಲಿ ಹಳೆಯ ಕ್ಷ-ಕಿರಣದ ಮೂಲವೊಂದು ಮೊದಲಿಂದಲೂ ಇತ್ತು. ಕಂಡದ್ದು ಅದೇ ಇರಬಹುದು. ಸಿಡಿದ ನಕ್ಷತ್ರವಾದರೋ ಭೂಮಿ ಹುಟ್ಟುವ ಮೊದಲೇ ಸತ್ತದ್ದು. ಅದು ಬಿಟ್ಟುಹೋದ ಬೆಳಕು ಗಂಟೆಗಳಲ್ಲಿ ಕುಂದುತ್ತದೆ. ಮೇಲಿನ ನ್ಯಾಯವೇ ಬೇರೆ: ಚುಕ್ಕೆ ಉಳಿದರೆ ಸಿಡಿದದ್ದು ಅದಲ್ಲ. ಆರಿದರೆ ಅದೇ.

"ಆರಲಪ್ಪಾ ಅಂತ ಬೇಡ್ಕೊಳ್ಳೋ ನೌಕರಿ ಇದೊಂದೇ ಇರ್ಬೇಕು," ಎಂದರು ಆಪರೇಟರಮ್ಮ. ಸಾಹೇಬರು ನಗಲಿಲ್ಲ. ಅವರೂ ಬೇಡಿಕೊಳ್ಳುತ್ತಿದ್ದರು, ಯಾವುದನ್ನೆಂದು ತಿಳಿಯುವಂತಿರಲಿಲ್ಲ.

ಮುಂದಿನ ಸುತ್ತಿನ ಚಿತ್ರದಲ್ಲಿ ಚುಕ್ಕೆ ಮಂಕಾಗಿತ್ತು. ಸಾಹೇಬರು ಅಳೆದರು, ಭೂತಗನ್ನಡಿಯೆಂಬ ಅಡ್ಡಹೆಸರಿಗೆ ತಕ್ಕಂತೆ ಇನ್ನೊಮ್ಮೆ ಅಳೆದರು. ಆಮೇಲೆ ಲೋಕದ ವೀಕ್ಷಣಾಲಯಗಳಿಗೆಲ್ಲ ಬರೆದರು: ಸಿಡಿತದ ಉಳಿಬೆಳಕು ಸಿಕ್ಕಿದೆ. ಕುಂದುತ್ತಿದೆ. ಇದೇ.

ಸಂಜೆ ಬ್ಯಾಗು ಹೆಗಲಿಗೇರಿಸಿದ ಆಪರೇಟರಮ್ಮ ಅವರ ಮೇಜಿನ ಬಳಿ ನಿಂತರು. "ನಾಲ್ಕನೇ ಸಲ ಏನಂತಿದ್ರೋ."

"ಬೈಗುಳ ಇರುತ್ತೆ ಬಿಡಿ."

"ಹೂಂ. ನನ್ ಗಂಡಂಗಾದ್ರೆ ನಾನು ಮೊದಲನೇ ಸಲಕ್ಕೇ ಅದನ್ನ ಇಡ್ತಿದ್ದೆ." ಆಕೆ ಕೀಲಿಯನ್ನು ಅವರತ್ತ ಸರಿಸಿದರು. "ಇವತ್ತಿನ ಟೆಸ್ಟು ಬಾಕಿ ಇದೆ ಸಾರ್."

"ನಿಮ್ಹತ್ರ ಇರಲಿ."

ಆಗಷ್ಟೇ ಬಂದ ಮೂರನೆಯ ಚಿತ್ರ ಪರದೆಯಲ್ಲಿತ್ತು. ಆಪರೇಟರಮ್ಮ ಬಗ್ಗಿ ಕಣ್ಣು ಕಿರಿದು ಮಾಡಿ ಹುಡುಕಿದರು. "ಎಲ್ಲಿ ಸಾರ್, ಏನೂ ಕಾಣ್ತಿಲ್ಲ?"

ಸಾಹೇಬರು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಬೆರಳು ತೆಗೆದಾಗ ಆ ಜಾಗದಲ್ಲಿ ತೇವದ ಸಣ್ಣ ಗುರುತೊಂದು ಉಳಿದಿತ್ತು. ಇಬ್ಬರೂ ನೋಡುತ್ತಿದ್ದಂತೆ ಅದು ಅಂಚಿನಿಂದ ಒಳಕ್ಕೆ ಮೆಲ್ಲಗೆ ಆರತೊಡಗಿತು.